ಹಗುರವಾದದ್ದೇ ಬಾಳುತ್ತದೆ
ಕಿಟ್‌ನಿಂದ ಕಟ್ಟುವ ರೇಡಿಯೊ ನಿಯಂತ್ರಿತ ವಿಮಾನ ಹತ್ತಾರು ವರ್ಷ ಹಾರುವುದು ಹೇಗೆ?

ರೇಡಿಯೊ ನಿಯಂತ್ರಿತ ಮಾದರಿ ವಿಮಾನ ಆಕಾಶದಲ್ಲಿ ಮುರಿಯುವುದು ಅಪರೂಪ. ಇಳಿಯುವಾಗ ಮೂಗು ಕುಕ್ಕಿದವು, ಮೈದಾನದ ಅಂಚಿನ ಹುಲ್ಲಿಗೆ ಚಕ್ರ ಸಿಕ್ಕಿ ಪಲ್ಟಿ ಹೊಡೆದವು, ಕಾರಿನ ಹಿಂಬಾಗಿಲು ಬಡಿದು ಬಾಲ ಕಳೆದುಕೊಂಡವು, ಮಳೆಗಾಲವಿಡೀ ಅಟ್ಟದ ಮೇಲೆ ಕೂತು ತಾವಾಗಿಯೇ ತಿರುಚಿಕೊಂಡವು ಎಂದು ಲೆಕ್ಕ ಹಾಕುತ್ತ ಹೋದರೆ ಬಹುಪಾಲು ವಿಮಾನಗಳ ಆಯುಷ್ಯ ನೆಲದ ಮೇಲೆ ಇಲ್ಲವೇ ನೆಲಕ್ಕೆ ಒಂದೆರಡು ಮೀಟರ್ ಎತ್ತರದಲ್ಲಿ ಮುಗಿದಿರುತ್ತದೆ. ಬಾಳಿಕೆ ಬರುವ ವಿಮಾನ ಕಟ್ಟಬೇಕೆನ್ನುವವರು ಮೊದಲು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ ಸಂಗತಿ ಇದು.

ಆದರೆ ಮೊದಲ ಕಿಟ್ ಬಿಚ್ಚಿದವರ ಕೈ ಓಡುವುದು ಬೇರೆ ದಿಕ್ಕಿಗೆ. ಪೆಟ್ಟಿಗೆಯೊಳಗಿನ ಬಾಲ್ಸಾ ಮರದ ಹಲಗೆಗಳು ಬೆರಳಲ್ಲಿ ಒತ್ತಿದರೆ ತಗ್ಗು ಬೀಳುವಷ್ಟು ಮೆದು. ಇಷ್ಟು ಮೆದುವಾದದ್ದು ಬಿದ್ದರೆ ಉಳಿಯುವುದುಂಟೆ ಎಂಬ ಆತಂಕ ಶುರುವಾಗುತ್ತದೆ. ಕೀಲುಗಳಿಗೆ ಇನ್ನಷ್ಟು ಅಂಟು, ಮೂಗಿಗೆ ಇನ್ನೊಂದು ಪದರ ಪ್ಲೈವುಡ್, ಬಾಲಕ್ಕೆ ಎರಡು ಸುತ್ತು ಟೇಪು, ದಪ್ಪ ತಂತಿ, ದೊಡ್ಡ ಚಕ್ರ ಸೇರುತ್ತ ಹೋಗುತ್ತವೆ. ಕೊನೆಗೆ ತೂಗಿದಾಗ ವಿಮಾನ ನಕ್ಷೆ ಹೇಳಿದ್ದಕ್ಕಿಂತ ಅರ್ಧ ಕಿಲೊ ಹೆಚ್ಚಾಗಿರುತ್ತದೆ. ಗಟ್ಟಿ ಮಾಡಲು ಹೋಗಿ ಕಟ್ಟಿದವರೇ ಅದನ್ನು ಬೇಗ ಮುರಿಯುವಂತೆ ಮಾಡಿರುತ್ತಾರೆ.

ಇದರ ಹಿಂದಿನ ಲೆಕ್ಕ ಕಷ್ಟದ್ದಲ್ಲ, ಹೆಸರಾಂತ ಕಿಟ್ ಒಂದರಿಂದಲೇ ನೋಡೋಣ. ಅಮೆರಿಕದ ಐಯೊವಾ ರಾಜ್ಯದ ಮಾಂಟೆಜುಮಾ ಎಂಬ ಸಣ್ಣ ಊರಿನಲ್ಲಿ ಗ್ಲೆನ್ ಮತ್ತು ಹೇಜೆಲ್ ಸಿಗಫೂಸ್ ದಂಪತಿ 1951ರಲ್ಲಿ ಸಿಗ್ ಎಂಬ ಕಂಪನಿ ಆರಂಭಿಸಿದರು. ಕಲಿಯುವವರಿಗಾಗಿ ಅದು ತಂದ ‘ಕೆಡೆಟ್’ ಸರಣಿಯ ಕಿಟ್‌ಗಳು ಜಗತ್ತಿನಾದ್ಯಂತ ಹೆಸರು ಮಾಡಿದವು. ಅವುಗಳಲ್ಲಿ ‘ಕೆಡೆಟ್ ಎಲ್‌ಟಿ-40’ಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ರೆಕ್ಕೆಯ ತುದಿಯಿಂದ ತುದಿಗೆ 70 ಇಂಚು, ರೆಕ್ಕೆಯ ವಿಸ್ತಾರ 900 ಚದರ ಇಂಚು, ಅಂದರೆ ಸುಮಾರು 0.58 ಚದರ ಮೀಟರ್. ಹಾರಲು ಸಿದ್ಧವಾದಾಗಿನ ತೂಕ ಐದೂವರೆಯಿಂದ ಆರು ಪೌಂಡ್, ಅಂದರೆ ಎರಡೂವರೆ ಕಿಲೊ ಮತ್ತು ಮೇಲೊಂದಿಷ್ಟು. ಅಷ್ಟಗಲದ ರೆಕ್ಕೆ ಅಷ್ಟು ಕಡಿಮೆ ತೂಕ ಹೊತ್ತಿರುವುದರಿಂದ ಗಂಟೆಗೆ 30 ಕಿ.ಮೀ. ಆಸುಪಾಸಿನ ವೇಗಕ್ಕೆ ಇಳಿದರೂ ಅದು ಗಾಳಿಯಲ್ಲಿ ತೇಲುತ್ತದೆ. ಓಡಿಸುವವರಿಗೆ ಯೋಚಿಸಲು ಸಮಯ ಸಿಗುತ್ತದೆ.

ಈಗ ಇದೇ ವಿಮಾನದ ತೂಕ ಶೇ 20ರಷ್ಟು ಹೆಚ್ಚಿತು ಎನ್ನಿ. ರೆಕ್ಕೆ ಎತ್ತುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಆ ಹೆಚ್ಚಿನ ತೂಕ ಹೊರಲು ವಿಮಾನ ಸುಮಾರು ಶೇ 10ರಷ್ಟು ಹೆಚ್ಚು ವೇಗದಲ್ಲಿ ಹೋಗಲೇಬೇಕು. ಇಳಿಯುವಾಗಲೂ ಅದೇ ವೇಗ. ನೆಲಕ್ಕೆ ತಾಗುವ ಕ್ಷಣದಲ್ಲಿ ವಿಮಾನದೊಳಗಿರುವ ಚಲನಶಕ್ತಿ ತೂಕವನ್ನೂ ವೇಗದ ವರ್ಗವನ್ನೂ ಗುಣಿಸಿದ್ದಕ್ಕೆ ತಕ್ಕಂತೆ ಇರುತ್ತದೆ. ಎರಡೂ ಸೇರಿದರೆ ಶೇ 44ರಷ್ಟು ಏರಿಕೆ. ಸೇರಿಸಿದ ಮರ, ಅಂಟು ವಿಮಾನದ ಎಲ್ಲ ಭಾಗಗಳನ್ನೂ ಶೇ 44ರಷ್ಟು ಬಲಪಡಿಸಿರುವುದಿಲ್ಲ. ಎಲ್ಲೋ ಒಂದೆರಡು ಕಡೆ ಮಾತ್ರ ಬಲಪಡಿಸಿರುತ್ತದೆ. ಉಳಿದ ಕಡೆ ಹಳೆಯ ಮರವೇ ಹೊಸ ಪೆಟ್ಟು ತಿನ್ನಬೇಕು.

ನಮ್ಮ ಕಡೆಯವರಿಗೆ ಇನ್ನೊಂದು ಚಿಕ್ಕ ಸೇರ್ಪಡೆ ಇದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ. ಅಲ್ಲಿನ ಗಾಳಿ ಮಂಗಳೂರಿನ ಕಡಲ ತಡಿಯ ಗಾಳಿಗಿಂತ ಸುಮಾರು ಶೇ 8ರಿಂದ 9ರಷ್ಟು ತೆಳು. ಅದೇ ವಿಮಾನ ಬೆಂಗಳೂರಿನಲ್ಲಿ ಶೇ 4ಕ್ಕಿಂತ ಸ್ವಲ್ಪ ಹೆಚ್ಚು ವೇಗದಲ್ಲಿ ಇಳಿಯುತ್ತದೆ. ಹಾಗಾಗಿ ಎತ್ತರದ ಊರಿನಲ್ಲಿ ಹಾರಿಸುವವರು ತೂಕದ ವಿಷಯದಲ್ಲಿ ಇನ್ನೂ ಒಂದು ಕೈ ಬಿಗಿಯಾಗಿರಬೇಕು.

ಹಗುರತನ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ಮೇನಾರ್ಡ್ ಹಿಲ್ ಅವರ ವಿಮಾನಕ್ಕಿಂತ ದೊಡ್ಡ ಸಾಕ್ಷಿ ಬೇಡ. 1919ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಲ್ಲೂ ಇಳಿಯದೆ ಅಟ್ಲಾಂಟಿಕ್ ಸಾಗರ ದಾಟಿದ ದಾರಿಯಲ್ಲೇ ಮಾದರಿ ವಿಮಾನವೊಂದನ್ನು ಕಳುಹಿಸಬೇಕು ಎಂಬುದು ಅಮೆರಿಕದ ಈ ಹಿರಿಯ ಎಂಜಿನಿಯರ್ ಹೊತ್ತ ಹಟ. ಅಂತರರಾಷ್ಟ್ರೀಯ ದಾಖಲೆಯ ನಿಯಮದಂತೆ ಇಂಧನವೂ ಸೇರಿ ವಿಮಾನ 5 ಕಿಲೊ ಮೀರುವಂತಿರಲಿಲ್ಲ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಇಂಧನಕ್ಕೇ ಬೇಕು. ಉಳಿದ ಅರ್ಧದಲ್ಲಿ ಎಂಜಿನ್, ರೆಕ್ಕೆ, ಬಾಲ, ದಾರಿ ಹಿಡಿದು ಹೋಗುವ ಎಲೆಕ್ಟ್ರಾನಿಕ್ಸ್ ಎಲ್ಲವೂ ಅಡಗಬೇಕು. ಬಾಲ್ಸಾ ಮರ, ಫೈಬರ್‌ಗ್ಲಾಸ್, ತೆಳುವಾದ ಮೈಲಾರ್ ಹಾಳೆಗಳಿಂದ ಅದನ್ನು ಕಟ್ಟಲಾಯಿತು. 2002ರ ಪ್ರಯತ್ನಗಳು ಕೈಗೂಡಲಿಲ್ಲ. 2003ರ ಆಗಸ್ಟ್ 9ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಿಂದ ಹೊರಟ ‘ಟಿಎಎಂ-5’, 38 ಗಂಟೆ 52 ನಿಮಿಷ ಹಾರಿ, 3,000 ಕಿಲೊಮೀಟರಿಗೂ ಹೆಚ್ಚು ದಾರಿ ಕ್ರಮಿಸಿ, ಆಗಸ್ಟ್ 11ರಂದು ಐರ್ಲೆಂಡ್‌ನ ಕ್ಲಿಫ್ಡೆನ್ ಬಳಿ ಇಳಿಯಿತು. ಆಗ ಹಿಲ್ ಅವರಿಗೆ 77 ವರ್ಷ. ಕಣ್ಣು ಬಹುತೇಕ ಕಾಣುತ್ತಿರಲಿಲ್ಲ, ಕಿವಿಯೂ ಮಂದ. ಬೇಡದ ಒಂದೊಂದು ಗ್ರಾಂ ಮರವನ್ನೂ ಹೊರಗಿಟ್ಟು ಅದರ ಜಾಗಕ್ಕೆ ಇಂಧನ ತುಂಬಿದ್ದರಿಂದ ಆ ವಿಮಾನ ಸಾಗರ ದಾಟಿತು.

ಕಿಟ್ ಕಟ್ಟುವವರಿಗೆ ಸಾಗರ ದಾಟುವ ಗುರಿ ಇರುವುದಿಲ್ಲ. ಆದರೂ ಮರ ಆರಿಸುವ ಕೆಲಸ ಅವರಿಗೂ ಉಂಟು. ಬಾಲ್ಸಾ ದಕ್ಷಿಣ ಮತ್ತು ಮಧ್ಯ ಅಮೆರಿಕದ ಮರ. ಮಾರುಕಟ್ಟೆಗೆ ಬರುವ ಬಹುಪಾಲು ಈಕ್ವೆಡಾರ್‌ನದು. ಬಹಳ ಬೇಗ ಬೆಳೆಯುವ ಈ ಮರದ ಸಾಂದ್ರತೆ ಒಂದೇ ಸಮ ಇರುವುದಿಲ್ಲ. ಒಂದೇ ಅಳತೆಯ ಎರಡು ಪಟ್ಟಿಗಳಲ್ಲಿ ಒಂದು ಇನ್ನೊಂದರ ಎರಡರಷ್ಟು ತೂಗಬಹುದು. ಆದ್ದರಿಂದ ಕಿಟ್ ಬಿಚ್ಚಿದ ದಿನ ಅಂಟಿನ ಸೀಸೆ ತೆರೆಯದೆ, ಎಲ್ಲ ಪಟ್ಟಿಗಳನ್ನೂ ತಕ್ಕಡಿಯಲ್ಲಿಟ್ಟು ಬೇರ್ಪಡಿಸುವುದು ಒಳ್ಳೆಯದು. ಗಡಸಾದವು ರೆಕ್ಕೆಯ ಸ್ಪಾರ್‌ಗೆ ಹೋಗಲಿ. ಸ್ಪಾರ್ ಎಂದರೆ ರೆಕ್ಕೆಯ ಉದ್ದಕ್ಕೂ ಹಾಯುವ ತೊಲೆ. ಹಗುರಾದವು ಬಾಲಕ್ಕೆ. ಬಾಲಕ್ಕೆ ಯಾಕೆ ಎಂದರೆ, ವಿಮಾನದ ತೂಕದ ನಡುಬಿಂದುವಿನಿಂದ ಬಾಲ ಇರುವ ದೂರ ಮೂಗಿನ ದೂರದ ಎರಡೂವರೆ, ಮೂರು ಪಟ್ಟು. ಬಾಲದಲ್ಲಿ 10 ಗ್ರಾಂ ಹೆಚ್ಚಿದರೆ ಅದನ್ನು ಸರಿದೂಗಿಸಲು ಮೂಗಿನಲ್ಲಿ 25–30 ಗ್ರಾಂ ಸೀಸ ಹಾಕಬೇಕಾಗುತ್ತದೆ. ಬಾಲದ ಮರ ಉಜ್ಜಿ ತೆಳು ಮಾಡುವ ಅರ್ಧ ಗಂಟೆಯ ಕೆಲಸಕ್ಕೆ ಸಿಗುವಷ್ಟು ಪ್ರತಿಫಲ ಇಡೀ ಕಿಟ್‌ನಲ್ಲಿ ಬೇರೆ ಯಾವ ಕೆಲಸಕ್ಕೂ ಸಿಗುವುದಿಲ್ಲ.

ರೆಕ್ಕೆಯ ಒಳಗಣ ರಚನೆಯನ್ನು ಹತ್ತಿರದಿಂದ ನೋಡಿದರೆ ಬಲ ಎಲ್ಲಿ ಬೇಕು, ಎಲ್ಲಿ ಬೇಡ ಎಂಬುದು ತಾನಾಗಿ ತಿಳಿಯುತ್ತದೆ. ಎರಡು ಕಿಲೊ ಆರುನೂರು ಗ್ರಾಂ ತೂಗುವ ವಿಮಾನ ರಭಸವಾಗಿ ಕೆಳಗಿಳಿದು ಮೇಲೆದ್ದಾಗ ರೆಕ್ಕೆಯ ಮೇಲೆ ಅದರ ನಾಲ್ಕು ಪಟ್ಟು ಹೊರೆ ಬಿದ್ದರೆ ಅದು ಹತ್ತು ಕಿಲೊ ದಾಟುತ್ತದೆ. ಆ ಹೊರೆಗೆ ರೆಕ್ಕೆ ಮೇಲಕ್ಕೆ ಬಾಗಲು ನೋಡುತ್ತದೆ. ಮೇಲಿನ ಸ್ಪಾರ್ ಒತ್ತಡಕ್ಕೆ ಸಿಗುತ್ತದೆ, ಕೆಳಗಿನದು ಎಳೆತಕ್ಕೆ. ಎರಡರ ನಡುವೆ ಏನೂ ಇಲ್ಲದಿದ್ದರೆ ಮೇಲಿನ ಪಟ್ಟಿ ಸೊಟ್ಟಗಾಗಿ ಪಟ್ಟನೆ ಮುರಿಯುತ್ತದೆ. ಅದಕ್ಕಾಗಿ ರೆಕ್ಕೆಗೆ ಆಕಾರ ಕೊಡುವ ಅಡ್ಡ ತುಂಡುಗಳಾದ ರಿಬ್‌ಗಳಲ್ಲಿ ಎರಡೆರಡರ ನಡುವಿನ ಒಂದೊಂದು ಖಾನೆಯಲ್ಲೂ ತೆಳುವಾದ ಬಾಲ್ಸಾ ತುಂಡೊಂದನ್ನು ಸ್ಪಾರ್‌ಗಳಿಗೆ ಅಂಟಿಸುತ್ತಾರೆ. ಇದರ ಹೆಸರು ಶಿಯರ್ ವೆಬ್. ಈ ತುಂಡಿನ ಮರದ ಎಳೆ ನಿಂತಿರಬೇಕು, ಅಂದರೆ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಅಡ್ಡಡ್ಡ ಇಟ್ಟರೆ ಅಂಟಿಸಲು ಸಲೀಸು, ಒಂದೇ ಉದ್ದ ಪಟ್ಟಿ ಸಾಕು. ಆದರೆ ಬಲ ಹೋಯಿತು. ಎರಡು ಮಿಲಿಮೀಟರ್ ದಪ್ಪದ, ಎಲ್ಲ ಸೇರಿ ಕೆಲವೇ ಗ್ರಾಂ ತೂಗುವ ಈ ತುಂಡುಗಳು ರೆಕ್ಕೆಯ ಬಲವನ್ನು ಹಲವು ಪಟ್ಟು ಏರಿಸುತ್ತವೆ. ಸ್ಪಾರನ್ನೇ ದಪ್ಪ ಮಾಡಲು ಹೋದವರಿಗೆ ಅಷ್ಟು ಬಲ ಸಿಗುವ ಹೊತ್ತಿಗೆ ತೂಕ ಕೈಮೀರಿರುತ್ತದೆ.

ಬಾಗುವ ಹೊರೆ ರೆಕ್ಕೆಯ ನಟ್ಟನಡುವೆ ಅತಿ ಹೆಚ್ಚು, ತುದಿಯಲ್ಲಿ ಸೊನ್ನೆ. ಆದ್ದರಿಂದ ಎಡ, ಬಲ ರೆಕ್ಕೆಗಳು ಸೇರುವ ಜಾಗದಲ್ಲಿ ಪ್ಲೈವುಡ್ ಪಟ್ಟಿ, ಎಪಾಕ್ಸಿ ಅಂಟು, ಮೇಲೆ ಒಂದು ಸುತ್ತು ಫೈಬರ್‌ಗ್ಲಾಸ್ ಟೇಪು ಬೇಕೇ ಬೇಕು. ತುದಿಯ ಕಡೆಗೆ ಏನನ್ನೂ ಸೇರಿಸಬೇಕಿಲ್ಲ.

ಅಂಟಿನ ವಿಷಯ ಬಂದಾಗ ಒಂದು ಸ್ವಾರಸ್ಯದ ಇತಿಹಾಸ ನೆನಪಾಗುತ್ತದೆ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಎರಡು ಟ್ಯೂಬಿನಲ್ಲಿ ಸಿಗುವ ಅರಾಲ್ಡೈಟ್ ಹುಟ್ಟಿದ್ದೇ ವಿಮಾನಗಳ ಸಹವಾಸದಲ್ಲಿ. ಇಂಗ್ಲೆಂಡಿನ ಡಕ್ಸ್‌ಫರ್ಡ್‌ನಲ್ಲಿ ನಾರ್ಮನ್ ಡಿ ಬ್ರೂಯಿನ್ ಅವರು 1934ರಲ್ಲಿ ಕಟ್ಟಿದ ಏರೋ ರಿಸರ್ಚ್ ಲಿಮಿಟೆಡ್ ಎಂಬ ಸಂಸ್ಥೆ ವಿಮಾನದ ಮರ, ಲೋಹಗಳನ್ನು ಬೆಸೆಯುವ ಅಂಟುಗಳ ಮೇಲೆ ಕೆಲಸ ಮಾಡುತ್ತಿತ್ತು. ಅರಾಲ್ಡೈಟ್ ಎಂಬ ಹೆಸರಿನ ಮೊದಲ ಅಕ್ಷರಗಳು ಆ ಸಂಸ್ಥೆಯವೇ. ಮಾದರಿ ವಿಮಾನದಲ್ಲಿ ಇದರ ಜಾಗ ನಾಲ್ಕೇ ಕಡೆ: ಮೋಟಾರ್ ಕೂರುವ ಫೈರ್‌ವಾಲ್, ಚಕ್ರದ ತಂತಿ ಹಿಡಿಯುವ ಮರದ ದಿಮ್ಮಿ, ರೆಕ್ಕೆಗಳ ನಡುಕೂಡು, ರೆಕ್ಕೆಯನ್ನು ಮೈಗೆ ಕಟ್ಟುವ ಜಾಗ. ಐದೇ ನಿಮಿಷಕ್ಕೆ ಗಟ್ಟಿಯಾಗುವುದು ಬೇಡ. ನಿಧಾನವಾಗಿ ಕೂರುವುದು ಮರದೊಳಗೆ ಇಳಿಯಲು ಸಮಯ ಪಡೆಯುತ್ತದೆ, ಹಿಡಿತವೂ ಹೆಚ್ಚು. ಅಂಟಿಸುವ ಮೊದಲು ಪ್ಲೈವುಡ್ಡನ್ನು ಉಪ್ಪುಕಾಗದದಿಂದ ಒರಟು ಮಾಡಬೇಕು. ಫೈರ್‌ವಾಲಿಗೆ ಪಕ್ಕದಿಂದ ಸಣ್ಣ ತೂತು ಕೊರೆದು ಬಿದಿರು ಕಡ್ಡಿಗಳನ್ನು ಅಂಟು ಹಚ್ಚಿ ಹೊಡೆದರೆ ಅದು ಬರೀ ಅಂಟಿನ ನಂಬಿಕೆಯಲ್ಲಿ ನಿಂತಿರುವುದಿಲ್ಲ.

ಉಳಿದ ಕಡೆಗೆಲ್ಲ ಫೆವಿಕ್ವಿಕ್ ಜಾತಿಯ ತೆಳು ಅಂಟು ಇಲ್ಲವೇ ಮರಗೆಲಸದ ಬಿಳಿ ಅಂಟು ಸಾಕು. ತೆಳು ಅಂಟು ಎರಡು ಮರ ಒಂದಕ್ಕೊಂದು ಚೆನ್ನಾಗಿ ತಾಗಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಸಂದು ತುಂಬುವ ಗುಣ ಅದಕ್ಕಿಲ್ಲ. ಕೀಲು ಸರಿಯಾಗಿ ಕೂರುತ್ತಿಲ್ಲವೆಂದರೆ ಉಜ್ಜಿ ಕೂರಿಸಬೇಕೇ ಹೊರತು ಮೇಲೆ ಅಂಟು ಸುರಿಯಬಾರದು. ಈ ತೆಳು ಅಂಟು ಗಟ್ಟಿಯಾಗುವುದು ಗಾಳಿಯ ತೇವದಿಂದ. ಆದ್ದರಿಂದ ಉಡುಪಿಯ ಮಳೆಗಾಲದಲ್ಲಿ ಹಚ್ಚುವಷ್ಟರಲ್ಲಿ ಹಿಡಿದುಕೊಳ್ಳುತ್ತದೆ, ರಾಯಚೂರಿನ ಬೇಸಿಗೆಯಲ್ಲಿ ಒಂದಿಷ್ಟು ಕಾಯಿಸುತ್ತದೆ. ಹತ್ತಿ ಬಟ್ಟೆಯಿಂದ ಇದನ್ನು ಒರೆಸಲೇಬಾರದು. ಹತ್ತಿಯ ಮೇಲೆ ಬಿದ್ದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ. ಮಕ್ಕಳ ಜೊತೆ ಕೂತು ಕಟ್ಟುವವರು ಇದನ್ನು ಮರೆಯಬಾರದು.

ಈಗಿನ ಕಿಟ್‌ಗಳ ದೊಡ್ಡ ಅನುಕೂಲ ಲೇಸರ್ ಕತ್ತರಿ. ತುಂಡುಗಳ ಅಂಚಿನಲ್ಲಿರುವ ಹಲ್ಲುಗಳು ಒಂದರೊಳಗೊಂದು ಕೂತು, ಅಂಟು ಹಾಕುವ ಮೊದಲೇ ವಿಮಾನದ ಮೈ ನೆಟ್ಟಗೆ ನಿಲ್ಲುತ್ತದೆ. ಎಲ್‌ಟಿ-40 ಈ ಬಗೆಯದು. ಆದರೆ ಹಲ್ಲು ಕೂಡಿತೆಂದು ಕಟ್ಟುವ ಹಲಗೆ ಸೊಟ್ಟಗಿದ್ದರೂ ನಡೆಯುತ್ತದೆ ಎಂದುಕೊಳ್ಳಬಾರದು. ತಿರುಚಿದ ರೆಕ್ಕೆ ಜೀವನವಿಡೀ ತಿರುಚಿಯೇ ಇರುತ್ತದೆ. ಅದನ್ನು ಹಾರಿಸುವವರು ಸದಾ ಒಂದು ಕಡೆಗೆ ಕೈಯಲ್ಲಿನ ರೇಡಿಯೊದ ಕಡ್ಡಿ ಒತ್ತಿ ಹಿಡಿದು ಸುಸ್ತಾಗುತ್ತಾರೆ. ಒಂದು ಹಳೆಯ ಫ್ಲಶ್ ಡೋರ್, ಮೇಲೆ ನಕ್ಷೆ, ಅದರ ಮೇಲೆ ಅಂಟು ಹಿಡಿಯದಂತೆ ಪ್ಲಾಸ್ಟಿಕ್ ಹಾಳೆ, ಗುಂಡುಸೂಜಿಗಳು ಇಷ್ಟಿದ್ದರೆ ಒಳ್ಳೆಯ ಕಾರ್ಯಾಗಾರವಾಯಿತು.

ಬಾಳಿಕೆಯ ವಿಷಯದಲ್ಲಿ ಹೊಸಬರು ಒಪ್ಪಲು ಹಿಂಜರಿಯುವ ಮಾತೊಂದಿದೆ. ಕೆಲವು ಭಾಗಗಳು ಮುರಿಯುವಂತೆಯೇ ಇರಬೇಕು. ರೆಕ್ಕೆಯನ್ನು ಮೈಗೆ ಹಿಡಿಯಲು ಉಕ್ಕಿನ ಬೋಲ್ಟು ಹಾಕಿದರೆ, ರೆಕ್ಕೆಯ ತುದಿ ನೆಲಕ್ಕೆ ತಾಗಿದ ದಿನ ರೆಕ್ಕೆಯೂ ಮೈಯೂ ಒಟ್ಟಿಗೇ ಸೀಳುತ್ತವೆ. ನೈಲಾನ್ ಬೋಲ್ಟು ಹಾಕಿದರೆ ಅದು ಮನೆಯ ಫ್ಯೂಸಿನ ಹಾಗೆ ತಾನು ಹೋಗಿ ಉಳಿದದ್ದನ್ನು ಉಳಿಸುತ್ತದೆ. ಕಲಿಯುವವರ ವಿಮಾನಗಳಲ್ಲಿ ದಶಕಗಳಿಂದ ಬಂದಿರುವ ರಬ್ಬರ್ ಬ್ಯಾಂಡುಗಳದೂ ಅದೇ ಕೆಲಸ: ಪೆಟ್ಟು ಬಿದ್ದಾಗ ರೆಕ್ಕೆ ಸರಿದು ಕಳಚಿಕೊಳ್ಳುತ್ತದೆ. ಬ್ಯಾಂಡುಗಳು ಬಿಸಿಲಿಗೆ, ಎಣ್ಣೆಗೆ ಬೇಗ ಸಾಯುವುದರಿಂದ ಆಗಾಗ ಹೊಸದು ಹಾಕಬೇಕು, ಅಷ್ಟೇ. ಚಕ್ರದ ತಂತಿಗೆ ಪಿಯಾನೊ ತಂತಿಯನ್ನೇ ಬಳಸುವುದು ಅದು ಬಾಗಿ ಮತ್ತೆ ನೆಟ್ಟಗಾಗುತ್ತದೆ ಎಂಬ ಕಾರಣಕ್ಕೆ. ಬಾಗದ ಕಬ್ಬಿಣದ ಪಟ್ಟಿ ಹಾಕಿದರೆ ಅದು ಉಳಿದು, ಅದನ್ನು ಹಿಡಿದಿರುವ ಹೊಟ್ಟೆಯ ಮರ ಕಿತ್ತು ಬರುತ್ತದೆ.

ಪೆಟ್ಟು ಬೀಳುವುದನ್ನು ಎಣಿಸಿಯೇ ಬ್ಯಾಟರಿಯ ಜಾಗವನ್ನೂ ಯೋಚಿಸಬೇಕು. ಗ್ಲೋ ಎಂಜಿನ್‌ಗಳ ಜಾಗಕ್ಕೆ ಬ್ರಷ್‌ಲೆಸ್ ಮೋಟಾರ್, ಲಿಥಿಯಂ ಪಾಲಿಮರ್ ಬ್ಯಾಟರಿ ಬಂದ ಮೇಲೆ ವಿಮಾನದೊಳಗಿನ ಅತಿ ಭಾರದ ವಸ್ತು ಬ್ಯಾಟರಿಯೇ. ಮೂಗು ಕುಕ್ಕಿದಾಗ ಅದು ಮುಂದಕ್ಕೆ ನುಗ್ಗಿ ಫೈರ್‌ವಾಲನ್ನು ಒಳಗಿನಿಂದ ಒಡೆಯುತ್ತದೆ. ಬ್ಯಾಟರಿ ಕೂರುವ ತಟ್ಟೆಗೆ ವೆಲ್ಕ್ರೊ ಅಂಟಿಸಿ ಮೇಲೊಂದು ಪಟ್ಟಿ ಬಿಗಿದು, ಮುಂದೆ ಫೋಮ್ ತುಂಡು ಇಟ್ಟರೆ ಪೆಟ್ಟು ಕಡಿಮೆಯಾಗುತ್ತದೆ. ಪೆಟ್ಟು ತಿಂದು ಉಬ್ಬಿದ ಬ್ಯಾಟರಿಯನ್ನು ಮಾತ್ರ ಮತ್ತೆ ಚಾರ್ಜಿಗೆ ಹಾಕಲೇಬಾರದು, ಬೆಂಕಿ ಹತ್ತಿಕೊಳ್ಳಬಹುದು.

ರೇಡಿಯೊ ಉಪಕರಣದ ತೂಕ ಈಗ ಚಿಂತೆಯ ವಿಷಯವೇ ಅಲ್ಲ. ಅಮೆರಿಕದ ಅವಳಿ ಸೋದರರಾದ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ 1937ರಲ್ಲಿ ರೇಡಿಯೊ ನಿಯಂತ್ರಣದಿಂದ ಹಾರಿಸಿದ ‘ಬಿಗ್ ಗಫ್’ಗೆ ಎಂಟು ಅಡಿ ರೆಕ್ಕೆ ಬೇಕಾಗಿತ್ತು, ಆ ಕಾಲದ ವಾಲ್ವು, ಬ್ಯಾಟರಿಗಳನ್ನು ಹೊರಬೇಕಿತ್ತಲ್ಲ. ಈ ವಿಮಾನ ಈಗ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ. ಇಂದಿನ 2.4 ಗಿಗಾಹರ್ಟ್ಸ್ ರಿಸೀವರ್ ಹತ್ತು ಗ್ರಾಂ ಆಸುಪಾಸು ತೂಗುತ್ತದೆ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಿರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಮೋಟಾರು, ರೆಕ್ಕೆ-ಬಾಲದ ಪಟ್ಟಿಗಳನ್ನು ಅಲುಗಿಸುವ ಸರ್ವೋಗಳನ್ನು ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಬಹುದು.

ಮೇಲ್ಹೊದಿಕೆಯನ್ನು ಬಹಳಷ್ಟು ಜನ ಅಲಂಕಾರವೆಂದೇ ಬಗೆಯುತ್ತಾರೆ. ಅದು ರಚನೆಯ ಭಾಗ. ಹೊದಿಕೆ ಹಾಕುವ ಮುನ್ನ ರೆಕ್ಕೆಯ ಎರಡು ತುದಿ ಹಿಡಿದು ಮೆಲ್ಲಗೆ ತಿರುಚಿದರೆ ಅದು ಸುಲಭವಾಗಿ ತಿರುಗುತ್ತದೆ. ಪ್ಲಾಸ್ಟಿಕ್ ಫಿಲ್ಮನ್ನು ಸಣ್ಣ ಇಸ್ತ್ರಿಪೆಟ್ಟಿಗೆಯಿಂದ ಅಂಟಿಸಿ, ಬಿಸಿಗಾಳಿಯಿಂದ ಬಿಗಿಮಾಡಿದ ಮೇಲೆ ಅದೇ ರೆಕ್ಕೆ ಗಟ್ಟಿಯಾಗಿ ಎದುರು ನಿಲ್ಲುತ್ತದೆ. ಇಲ್ಲಿಯೇ ಎಚ್ಚರವೂ ಬೇಕು. ಒಂದು ಬದಿಯನ್ನು ಪೂರ್ತಿ ಬಿಗಿಮಾಡಿ ಇನ್ನೊಂದು ಬದಿಗೆ ಹೋದರೆ ಫಿಲ್ಮು ರೆಕ್ಕೆಯನ್ನೇ ಎಳೆದು ತಿರುಚುತ್ತದೆ. ಮೇಲೆ, ಕೆಳಗೆ ಸ್ವಲ್ಪ ಸ್ವಲ್ಪವಾಗಿ ಬಿಸಿ ಕೊಡುತ್ತ, ನಡುನಡುವೆ ಚಪ್ಪಟೆ ಮೇಜಿನ ಮೇಲಿಟ್ಟು ನೋಡುತ್ತ ಸಾಗಬೇಕು.

ನಮ್ಮ ಹವೆಗೆ ಇದು ಇನ್ನಷ್ಟು ಮುಖ್ಯ. ಬಾಲ್ಸಾ ತೇವ ಹೀರುವ ಮರ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಹೊದಿಕೆಯಿಲ್ಲದೆ ಬಿಟ್ಟ ರೆಕ್ಕೆ ಒಂದೆರಡು ವಾರದಲ್ಲೇ ಆಕಾರ ಕಳೆದುಕೊಳ್ಳಬಹುದು. ಬಯಲುಸೀಮೆಯ ಬೇಸಿಗೆಯಲ್ಲಿ ಕಪ್ಪು, ಕಡುನೀಲಿ ಫಿಲ್ಮು ಬಿಸಿಲಿಗೆ ಸಡಿಲಾಗಿ ಸುಕ್ಕುಗಟ್ಟುತ್ತದೆ. ಬಿಳಿ, ಹಳದಿ ಬಣ್ಣ ಮೇಲು. ಮುಚ್ಚಿದ ಕಾರಿನಲ್ಲಿ ಮಧ್ಯಾಹ್ನ ವಿಮಾನ ಬಿಟ್ಟು ಹೋಗುವುದಂತೂ ಬೇಡವೇ ಬೇಡ. ಕೊಯ್ಲಾದ ಹೊಲದಲ್ಲಿ ಇಳಿಸುವವರಿಗೆ ರಾಗಿಯ, ಜೋಳದ ಕೂಳೆಯ ಕಾಟ ಗೊತ್ತೇ ಇದೆ. ಒಂದೇ ಇಳಿತದಲ್ಲಿ ರೆಕ್ಕೆಯ ಅಡಿಭಾಗ ಜರಡಿಯಾಗುತ್ತದೆ. ರೆಕ್ಕೆಯ ಮುಂಚೂಣಿಗೂ ಹೊಟ್ಟೆಗೂ ಅಗಲವಾದ ಪಾರದರ್ಶಕ ಟೇಪು ಒಂದು ಪದರ ಹಚ್ಚಿದರೆ ಕೆಲವೇ ಗ್ರಾಂ ಖರ್ಚಿನಲ್ಲಿ ಇದು ತಪ್ಪುತ್ತದೆ. ತೂಕ ಸೇರಿಸಲು ಯೋಗ್ಯವಾದ ಅಪರೂಪದ ಜಾಗಗಳಲ್ಲಿ ಇದೊಂದು.

ಎಷ್ಟೇ ಜಾಗ್ರತೆ ವಹಿಸಿದರೂ ವಿಮಾನ ಒಂದು ದಿನ ಬೀಳುತ್ತದೆ. ಆಗ ಬಾಳಿಕೆಯನ್ನು ನಿರ್ಧರಿಸುವುದು ಅದನ್ನು ಎಷ್ಟು ಬೇಗ ಸರಿಪಡಿಸಬಹುದು ಎಂಬುದು. ಅಮೆರಿಕದ ಎಂಜಿನಿಯರ್ ಪಾಲ್ ಮೆಕ್‌ಕ್ರೆಡಿ ಈ ಸತ್ಯವನ್ನು ಜಗತ್ತಿಗೆ ತೋರಿಸಿಕೊಟ್ಟರು. ಮನುಷ್ಯನ ಕಾಲ್ಬಲದಿಂದ ಹಾರುವ ವಿಮಾನಕ್ಕಾಗಿ 1959ರಲ್ಲಿ ಘೋಷಣೆಯಾದ ಕ್ರೆಮರ್ ಬಹುಮಾನವನ್ನು ಗೆಲ್ಲಲು ಹಲವು ತಂಡಗಳು ಅಂದವಾದ, ನಾಜೂಕಾದ ಯಂತ್ರಗಳನ್ನು ವರ್ಷಗಟ್ಟಲೆ ಕೂತು ಕಟ್ಟಿದವು. ಒಮ್ಮೆ ಬಿದ್ದರೆ ರಿಪೇರಿಗೆ ತಿಂಗಳುಗಳು. ಹುಡುಗನಾಗಿದ್ದಾಗಿನಿಂದ ಮಾದರಿ ವಿಮಾನ ಕಟ್ಟುತ್ತ ಬೆಳೆದ ಮೆಕ್‌ಕ್ರೆಡಿ, ಅಲ್ಯೂಮಿನಿಯಂ ಕೊಳವೆ, ತಂತಿ, ಮೈಲಾರ್ ಹಾಳೆಗಳಿಂದ ‘ಗಾಸಮರ್ ಕಾಂಡರ್’ ಕಟ್ಟಿದರು. ರೆಕ್ಕೆ 29 ಮೀಟರ್, ತೂಕ 32 ಕಿಲೊ ಮಾತ್ರ. ಬಿದ್ದರೆ ಟೇಪು, ಕೊಳವೆ ತಂದು ಸರಿಪಡಿಸಿ ಬೇಗನೆ ಮತ್ತೆ ಹಾರಿಸುತ್ತಿದ್ದರು. ಪ್ರತಿ ಬಾರಿ ಏನಾದರೊಂದು ತಿದ್ದುತ್ತಿದ್ದರು. 1977ರ ಆಗಸ್ಟ್ 23ರಂದು ಕ್ಯಾಲಿಫೋರ್ನಿಯಾದಲ್ಲಿ ಬ್ರಯಾನ್ ಆಲೆನ್ ಅದನ್ನು ತುಳಿದು ಹಾರಿಸಿ ಬಹುಮಾನ ಗೆದ್ದರು.

ಕಿಟ್ ವಿಮಾನಕ್ಕೆ ಇದೇ ಬುದ್ಧಿ ಸಲ್ಲುತ್ತದೆ. ಕಟ್ಟುವ ಮೊದಲು ನಕ್ಷೆಯ ಪ್ರತಿ ತೆಗೆಸಿ ಇಡಬೇಕು; ರಿಬ್‌ಗಳ, ಬಾಲದ ತುಂಡುಗಳ ಆಕಾರವನ್ನು ರಟ್ಟಿನ ಮೇಲೆ ಗೀಚಿಕೊಳ್ಳಬೇಕು. ಮುಂದೊಂದು ದಿನ ಮೂರು ರಿಬ್ ಹೋದರೆ ಅದೇ ರಟ್ಟಿನಿಂದ ಬಾಲ್ಸಾ ಕತ್ತರಿಸಿ ಕೂರಿಸಬಹುದು. ಬಾಲ್ಸಾ ವಿಮಾನದ ಹೆಚ್ಚುಗಾರಿಕೆ ಇರುವುದೇ ಇಲ್ಲಿ. ಮುರಿದ ಅಂಚುಗಳು ಒಂದಕ್ಕೊಂದು ಕೂಡುತ್ತವೆ, ತೆಳು ಅಂಟು ಎಳೆಗಳ ನಡುವೆ ಇಳಿಯುತ್ತದೆ, ಮೇಲೆ ಫಿಲ್ಮಿನ ತೇಪೆ ಹಾಕಿದರೆ ಹಿಂದಿನಷ್ಟೇ ಬಲ. ಅಚ್ಚಿನಲ್ಲಿ ಮಾಡಿದ ಸಿದ್ಧ ಪ್ಲಾಸ್ಟಿಕ್ ವಿಮಾನದ ಮೈ ಸೀಳಿದರೆ ಹೊಸ ಮೈ ಕೊಳ್ಳಬೇಕು. ಆ ಮಾದರಿ ಮಾರುಕಟ್ಟೆಯಿಂದ ಹೋಗಿದ್ದರೆ ವಿಮಾನದ ಕತೆ ಅಲ್ಲಿಗೇ ಮುಗಿಯಿತು.

ಹಾಗೆಂದು ಫೋಮನ್ನು ಕೀಳಾಗಿ ಕಾಣಬೇಕಿಲ್ಲ. ಇಪಿಪಿ ಎಂಬ ಫೋಮ್ ಪೆಟ್ಟು ತಿಂದರೆ ತಗ್ಗಿ ಮತ್ತೆ ಉಬ್ಬುತ್ತದೆ. ಕಲಿಕೆಯ ಮೊದಲ ದಿನಗಳಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಥರ್ಮಾಕೋಲ್ ಅಗ್ಗವಾದರೂ ಪುಡಿಯಾಗುತ್ತದೆ, ಜೊತೆಗೆ ಫೆವಿಕ್ವಿಕ್ ತಾಗಿದರೆ ಕರಗಿ ಹೋಗುತ್ತದೆ. ಬೋರ್ಡು ಬರೆಯುವವರ ಬಳಿ ಸಿಗುವ ಸನ್‌ಪ್ಯಾಕ್ ಶೀಟಿನಿಂದ ಕಟ್ಟಿದ ವಿಮಾನಗಳು ಬಿದ್ದರೂ ಸುಲಭವಾಗಿ ಜಗ್ಗುವುದಿಲ್ಲ. ಆದರೆ ಅವು ಭಾರ. ಹಗುರ ಗಾಳಿಯಲ್ಲಿ ಮೆಲ್ಲಗೆ ತೇಲುವ ಸುಖ ಅವುಗಳಿಗಿಲ್ಲ. ಇಪಿಪಿಯಲ್ಲಿ ಬಿದ್ದೆದ್ದು ಕೈ ಕುದುರಿಸಿಕೊಂಡು ಆಮೇಲೆ ಬಾಲ್ಸಾ ಕಿಟ್‌ಗೆ ಕೈಹಾಕುವುದು ಎಲ್ಲಕ್ಕಿಂತ ಒಳ್ಳೆಯ ದಾರಿ.

ಕಟ್ಟಿ ಮುಗಿದ ವಿಮಾನ ಮೈದಾನಕ್ಕೆ ಹೊರಡುವ ಮುನ್ನ ಮೇಜಿನ ಮೇಲೆಯೇ ತೀರ್ಮಾನವಾಗಬೇಕಾದದ್ದು ಹಲವಿವೆ. ತೂಕದ ನಡುಬಿಂದು ರೆಕ್ಕೆಯ ಮುಂಚೂಣಿಯಿಂದ ಅಗಲದ ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ, ನಕ್ಷೆ ಗುರುತಿಸಿದ ಜಾಗದಲ್ಲೇ ಇರಬೇಕು. ಬಾಲ ಭಾರವಾದ ವಿಮಾನ ಮೊದಲ ಹಾರಾಟದಲ್ಲೇ ಕೈಕೊಡುತ್ತದೆ. ಮೂಗು ಒಂದಿಷ್ಟು ಭಾರವಾದದ್ದು ಮಂಕಾಗಿ ಹಾರಿದರೂ ಮರಳಿ ಬರುತ್ತದೆ. ರೆಕ್ಕೆಯ ಹಿಂದಂಚಿನ ಏಲೆರಾನ್, ಬಾಲದ ಎಲಿವೇಟರ್ ಎಂಬ ಅಲುಗುವ ಪಟ್ಟಿಗಳ ಒಂದೊಂದು ಹಿಂಜನ್ನೂ ಹಿಡಿದು ಎಳೆದು ನೋಡಬೇಕು. ಬಲಕ್ಕೆ ಕಡ್ಡಿ ಒತ್ತಿದರೆ ಬಲ ರೆಕ್ಕೆಯ ಏಲೆರಾನ್ ಮೇಲಕ್ಕೆ ಏಳಬೇಕು. ತಂತಿ ತಿರುಗಮುರುಗ ಕೂಡಿಸಿ ಇದನ್ನು ಗಮನಿಸದೆ ಮೊದಲ ಹಾರಾಟದಲ್ಲೇ ಹೋದ ವಿಮಾನಗಳಿಗೆ ಲೆಕ್ಕವಿಲ್ಲ. ರೇಡಿಯೊ ಸಂಪರ್ಕ ತಪ್ಪಿದರೆ ಮೋಟಾರು ತಾನೇ ನಿಲ್ಲುವಂತೆ ಫೇಲ್‌ಸೇಫ್ ಹೊಂದಿಸಿ, ಪ್ರೊಪೆಲರ್ ಬಿಚ್ಚಿಟ್ಟು ಪರೀಕ್ಷಿಸಬೇಕು.

ಎಲ್ಲಿ ಹಾರಿಸಬಹುದು ಎಂಬುದಕ್ಕೂ ಈಗ ಕಾನೂನಿದೆ. 2021ರ ಆಗಸ್ಟ್ 25ರಂದು ಜಾರಿಗೆ ಬಂದ ಡ್ರೋನ್ ನಿಯಮಗಳು ಮಾದರಿ ವಿಮಾನಗಳನ್ನೂ ಗುರುತಿಸುತ್ತವೆ: 25 ಕಿಲೊ ಮೀರದ, ಕಲಿಕೆ, ಸಂಶೋಧನೆ, ಹವ್ಯಾಸಕ್ಕಷ್ಟೇ ಬಳಸುವ, ಹಾರಿಸುವವರ ಕಣ್ಣಳತೆಯಲ್ಲೇ ಇರುವಂಥವು. ಕೇಂದ್ರ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸಲಾಗಿದೆ. ಕೆಂಪೇಗೌಡ ನಿಲ್ದಾಣ, ಎಚ್‌ಎಎಲ್, ಯಲಹಂಕ ವಾಯುನೆಲೆ, ಜಕ್ಕೂರು ಇಷ್ಟೂ ಇರುವ ಬೆಂಗಳೂರಿನಲ್ಲಿ ಮನೆಯ ಹತ್ತಿರದ ಖಾಲಿ ನಿವೇಶನ ಹಾರಾಟಕ್ಕೆ ತಕ್ಕದ್ದೆಂದು ಭಾವಿಸುವಂತಿಲ್ಲ. ನಕ್ಷೆ ನೋಡಿಯೇ ಹೊರಡಬೇಕು.

ಕಲಿಸುವವರನ್ನು ಹುಡುಕುವ ಕೆಲಸವನ್ನೂ ಕಿಟ್ ಕೊಳ್ಳುವ ಮೊದಲೇ ಮಾಡುವುದು ಜಾಣತನ. ಎನ್‌ಸಿಸಿ ವಾಯುದಳದ ಕೆಡೆಟ್‌ಗಳಿಗೆ ಏರೋಮಾಡೆಲಿಂಗ್ ತರಬೇತಿಯ ಒಂದು ವಿಷಯ. ಅವರ ಅಖಿಲ ಭಾರತ ವಾಯು ಸೈನಿಕ ಶಿಬಿರದಲ್ಲಿ ಇದರ ಸ್ಪರ್ಧೆಗಳೂ ನಡೆಯುತ್ತವೆ. ಶಾಲೆ, ಕಾಲೇಜಿನಲ್ಲಿ ಆ ಘಟಕ ಇರುವ ಮಕ್ಕಳು ಸೇರಿಕೊಳ್ಳಲಿ. ಉಳಿದವರು ಹತ್ತಿರದ ಹವ್ಯಾಸಿಗಳ ಗುಂಪಿಗೆ ಹೋಗಿ, ಎರಡು ರೇಡಿಯೊಗಳನ್ನು ಕೂಡಿಸಿ ಕಲಿಸುವ ವ್ಯವಸ್ಥೆ ಇದೆಯೇ ಎಂದು ವಿಚಾರಿಸಲಿ. ಅದರಲ್ಲಿ ಕಲಿಯುವವರ ಕೈ ತಪ್ಪಿದ ಕೂಡಲೇ ಕಲಿಸುವವರು ವಿಮಾನವನ್ನು ತಮ್ಮ ಹಿಡಿತಕ್ಕೆ ತೆಗೆದುಕೊಳ್ಳುತ್ತಾರೆ. ಕಿಟ್ ಜೊತೆಗೆ ಒಂದು ಗ್ರಾಂವರೆಗೂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಕೊಳ್ಳಿ, ಮುಗಿದ ಒಂದೊಂದು ಭಾಗದ ತೂಕವನ್ನೂ ನಕ್ಷೆಯ ಮೇಲೆ ಬರೆಯುತ್ತ ಹೋಗಿ, ಮೊದಲ ಹಾರಾಟಕ್ಕೆ ಅನುಭವಿಯೊಬ್ಬರ ಕೈಗೆ ರೇಡಿಯೊ ಕೊಡಿ.